ಕಾಟಾ ಚೀಟಿಯ ಎರಡು ಲಿಪಿ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಲವು ಸಂಸಾರಗಳಿದ್ದ ಬೆಳಗಾವಿಯ ಹಳೇ ವಾಡೆಯೊಂದರಲ್ಲಿ ನಾವಿಬ್ಬರು ಹೆಂಗಸರು ಕೋಣೆ ಬಾಡಿಗೆ ಹಿಡಿದು, ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು ಮಾರುತ್ತಿದ್ದೆವು. ನಾನು ಕನ್ನಡದವಳು. ಗೆಳತಿ ಖಾನಾಪುರದ ಮರಾಠಿ ಮನೆಯವಳು. ಲೆಕ್ಕ ಮರಾಠಿಯಲ್ಲಿ ಮಾಡುತ್ತಿದ್ದಳು, ಜಗಳ ಮಾತ್ರ ನನ್ನ ಸಲುವಾಗಿ ಕನ್ನಡದಲ್ಲಿ. ಹೆಂಗಸರು ಏನು ಮಾಡಿಯಾರು ಎನ್ನುವವರಿಗೆ ನಾವು ಉತ್ತರ ಕೊಡುತ್ತಿರಲಿಲ್ಲ, ಬಿಲ್ಲು ಕೊಡುತ್ತಿದ್ದೆವು.

ನಮ್ಮ ಹೆಮ್ಮೆಯ ಕೆಲಸವೆಂದರೆ ಖಾನಾಪುರದ ಅಕ್ಕಿ ಗಿರಣಿಗೆ ಮಾಡಿದ ಕಾಟಾ ಚೀಟಿ. ಭತ್ತದ ಗಾಡಿಯನ್ನು ಕಾಟಾಕ್ಕೆ ಹತ್ತಿಸಿ ತೂಗಿದ ಮೇಲೆ ರೈತನ ಹೆಸರು, ಊರು, ತೂಕ ಅಚ್ಚಾಗಿ ಅವನ ಕೈಗೆ ಬರುವ ಚೀಟಿ. ಮೇಲಿನ ಅರ್ಧ ಕನ್ನಡ, ಕೆಳಗಿನ ಅರ್ಧ ಮರಾಠಿ. ಯಾರಿಗೆ ಯಾವುದು ಬರುತ್ತದೋ ಅದನ್ನು ಓದಿಕೊಳ್ಳುತ್ತಿದ್ದರು. ಒಂದೊಂದು ಅಕ್ಷರವನ್ನೂ ಚೌಕಳಿ ಹಾಳೆಯ ಮೇಲೆ ಚುಕ್ಕೆ ಇಟ್ಟು ನಾವೇ ಬರೆದು ಯಂತ್ರಕ್ಕೆ ತುಂಬಿಸಿದ್ದೆವು. ಕನ್ನಡದ ಒತ್ತಕ್ಷರಗಳು ಜೀವ ಹಿಂಡಿದ್ದವು.

ಅಷ್ಟರಲ್ಲಿ ಆಪರೇಟಿಂಗ್ ಸಿಸ್ಟಮ್ಮಿನ ಹೊಸ ಆವೃತ್ತಿ ಬಂತು. ಯಂತ್ರ ಮಾರುವ ಡೀಲರ್ ಊರಿನ ಪ್ರೋಗ್ರಾಂನವರನ್ನೆಲ್ಲ ತನ್ನ ಅಂಗಡಿಗೆ ಕರೆಸಿದ. ನಮ್ಮ ಸರಕನ್ನು ಹೊಸದರ ಮೇಲೆ ಓಡಿಸಿ ತೋರಿಸಬೇಕು. ಓಡಿದರೆ ಹಾಗೆಂದು ಬರೆದುಕೊಡುತ್ತಾನೆ. ಓಡದಿದ್ದರೆ ಗಿರಾಕಿಗೆ ಹೊಸ ಯಂತ್ರದ ಜೊತೆ ಇಂಗ್ಲಿಷಿನ ರೆಡಿಮೇಡ್ ಪ್ರೋಗ್ರಾಂ ಹಾಕಿಕೊಡುತ್ತಾನೆ. ಗಿರಣಿಯವರು ಆಗಲೇ ಹೊಸ ಯಂತ್ರಕ್ಕೆ ಹೇಳಿಟ್ಟಿದ್ದರು. ಅಂದರೆ ನಾವು ಫೇಲಾದರೆ ಸುಗ್ಗಿಗೆ ಬರುವ ರೈತನ ಕೈಗೆ ಇಂಗ್ಲಿಷ್ ಚೀಟಿ.

ಫೇಲಾದೆವು. ಹೊಸ ಆವೃತ್ತಿ ಮೆಮೊರಿಯಲ್ಲಿ ತಾನೇ ಕಾಲು ಚಾಚಿ ಕೂತಿತ್ತು. ನಮ್ಮ ಎರಡು ಲಿಪಿಗಳಿಗೆ ಅಲ್ಲಿ ಜಾಗವಿರಲಿಲ್ಲ.

"ಎರಡರಾಗ ಒಂದು ತಗದ ಒಗೀರಿ ಮೇಡಂ," ಎಂದ ಡೀಲರ್. "ಇಲ್ಲಾ ಎರಡೂ ತಗದು ಇಂಗ್ಲಿಷ್ ಹಾಕ್ರಿ. ಜಗಳಾನ ಇಲ್ಲ."

ನನಗೆ ಮೈಯೆಲ್ಲ ಉರಿಯಿತು. ಅಂಗಡಿ ಬೋರ್ಡಿನ ಭಾಷೆಗೇ ಬಡಿದಾಡುವ ಊರು ನಮ್ಮದು. ಕನ್ನಡ ತೆಗೆದರೆ ನನ್ನ ಮುಖಕ್ಕೆ ನಾನೇ ಉಗುಳಿಕೊಂಡಂತೆ, ಮರಾಠಿ ತೆಗೆದರೆ ಪಕ್ಕದಲ್ಲಿ ಕೂತವಳ ಮುಖಕ್ಕೆ. ಮುಂದಿನ ವಾರ ಬರುತ್ತೇವೆ ಎಂದು ಹೇಳಿ ಎದ್ದೆವು. ಅವನು ಹೂಂ ಎನ್ನಲಿ ಎಂದು ಕಾಯಲಿಲ್ಲ.

ಜಾಗ ಉಳಿಯಲೆಂದು ಅಕ್ಷರಗಳನ್ನು ಸಣ್ಣ ಮಾಡಿ ನೋಡಿದೆವು. ಒತ್ತುಗಳೆಲ್ಲ ಮಸಿಯ ಮುದ್ದೆಯಾದವು. ಗೆಳತಿ ಸೋತು, ಮರಾಠಿಯನ್ನೇ ಬಿಡೋಣ, ನಮ್ಮ ಕಡೆಯವರು ಹೇಗೋ ಯಾರನ್ನಾದರೂ ಕೇಳಿ ಓದಿಸಿಕೊಳ್ಳುತ್ತಾರೆ ಎಂದಳು. ಅವಳನ್ನು ಹಿಗ್ಗಾಮುಗ್ಗಾ ಬೈದೆ. ಇನ್ನೊಬ್ಬರ ಕೈಕಾಲು ಹಿಡಿದು ಓದಿಸಿಕೊಳ್ಳುವುದಾದರೆ ನಾವು ಇಷ್ಟು ದಿನ ಚುಕ್ಕೆ ಇಟ್ಟದ್ದು ಯಾಕೆ?

ನನ್ನ ಬೈಗುಳದ ನಡುವೆಯೇ ಅಂಗಳದ ನೀರಿನ ನಳದ ಹತ್ತಿರ ಗದ್ದಲವೆದ್ದಿತು. ವಾಡೆಗೆಲ್ಲ ಅದೊಂದೇ ನಳ. ಒಬ್ಬಳು ಕನ್ನಡದಲ್ಲಿ, ಇನ್ನೊಬ್ಬಳು ಮರಾಠಿಯಲ್ಲಿ, ಪಾಳಿ ತನ್ನದೆಂದು ಹರಿಹಾಯುತ್ತಿದ್ದರು. ಸರದಿಗೆ ಎರಡೂ ಭಾಷೆಯಲ್ಲಿ ಪಾಳಿ ಎಂದೇ ಹೆಸರು. ಗೆಳತಿ ಕಿಟಕಿಯಿಂದ ಅದನ್ನೇ ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು.

"ಎರಡೂ ಒಮ್ಮೆಲೆ ಯಾಕ ಕುಂದರಬೇಕು? ಪಾಳಿ ಹಚ್ಚೂಣು."

ಮೊದಲು ಕನ್ನಡ ಮೆಮೊರಿಗೆ ಬಂದು ಮೇಲಿನ ಅರ್ಧ ಅಚ್ಚು ಮಾಡುವುದು. ಅದು ಎದ್ದ ಜಾಗಕ್ಕೆ ಫ್ಲಾಪಿಯಿಂದ ಮರಾಠಿ ಬಂದು ಕೆಳಗಿನ ಅರ್ಧ. ಬರೆದು ಮುಗಿಸುವಷ್ಟರಲ್ಲಿ ಇಬ್ಬರ ಕಣ್ಣೂ ಕೆಂಪಾಗಿದ್ದವು.

ಡೀಲರನ ಅಂಗಡಿಯಲ್ಲಿ ಮತ್ತೆ ಓಡಿಸಿದೆವು. ಕನ್ನಡ ಅಚ್ಚಾಯಿತು. ಪ್ರಿಂಟರ್ ನಿಂತಿತು. ಫ್ಲಾಪಿ ಕರಕರ ಎಂದಿತು, ಎಂದೇ ಎಂದಿತು. ಕೊನೆಗೆ ಮರಾಠಿಯೂ ಬಂತು, ಅಕ್ಷರ ಒಂದೂ ತಪ್ಪದೆ. ಡೀಲರ್ ಗಡಿಯಾರ ನೋಡುತ್ತ ಕೂತಿದ್ದ. ಇಷ್ಟು ಸಾವಕಾಶವಾದರೆ ನಡೆಯುವುದಿಲ್ಲ, ಹೊಂದುವುದಿಲ್ಲ ಎಂದೇ ಬರೆಯುತ್ತೇನೆ ಎಂದ.

"ನಮ್ಮದು ನಿಮ್ಮ ಮಷೀನಿಗೆ ಹೊಂದತೈತೋ ಇಲ್ಲೋ ನೋಡಿದ್ರಿ," ಎಂದೆ. "ನಿಮ್ಮ ಮಷೀನು ನಮ್ಮ ಮಂದಿಗೆ ಹೊಂದತೈತೇನು, ಅದನ್ನ ಯಾರು ನೋಡತಾರ್ರಿ?"

ಅವನು ಕಾಗದ ಎಳೆದುಕೊಂಡ. ಓಡುತ್ತದೆ, ಆದರೆ ನಿಧಾನ ಎಂದು ಇಂಗ್ಲಿಷಿನಲ್ಲಿ ಗೀಚಿ ಸಹಿ ಹಾಕಿದ. ಗಿರಣಿಗೆ ಅಷ್ಟು ಸಾಕಿತ್ತು, ನನಗೆ ಸಾಕಾಗಲಿಲ್ಲ. ಅವನ ಪೆನ್ನನ್ನೇ ಇಸಿದುಕೊಂಡು ಎರಡು ಭಾಷೆಯಲ್ಲಿ ಓಡುತ್ತದೆ ಎಂದು ಸೇರಿಸಲು ಹೋದೆ. ಅಲ್ಲಿ ಜಾಗವಿಲ್ಲ ಎಂದ. ನಾನು ಅಂಚಿನಲ್ಲಿ ಕನ್ನಡದಲ್ಲಿ ಬರೆದೆ. ಗೆಳತಿ ಕಾಗದ ತಿರುಗಿಸಿಕೊಂಡು ಇನ್ನೊಂದು ಅಂಚಿನಲ್ಲಿ ಮರಾಠಿಯಲ್ಲಿ ಬರೆದಳು.