ಬರೀ ಅದ

ಪುಣೆಯ ಧನಕವಡಿಯ ನಮ್ಮ ಅಡಿಗೆಮನೆಯಲ್ಲಿ ಚಹಾಪುಡಿಯ ಡಬ್ಬಿಗೆ ಒರಗಿಸಿ ಮೊಬೈಲ್ ನಿಲ್ಲಿಸುವ ರೂಢಿ ಅಕ್ಕ ಬಂದ ಮೇಲೆ ಶುರುವಾಯಿತು. ಬೆಳಗಿನ ಏಳಕ್ಕೆ ಅದರೊಳಗಿಂದ ಹೆಣ್ಣುಮಗಳೊಬ್ಬಳು ಬೆಣ್ಣೆಯಂಥ ಮರಾಠಿಯಲ್ಲಿ, ಉಸಿರನ್ನು ಗಮನಿಸಿರಿ, ವಿಚಾರಗಳು ಬಂದರೆ ಬರಲಿ, ಹೋದರೆ ಹೋಗಲಿ ಎನ್ನುತ್ತಾಳೆ. ಸ್ತನದ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯಾದ ಹೆಂಗಸರ ನೆಮ್ಮದಿಗೆಂದು ಮೂರನೆಯ ಕಿಮೋದ ಹೊತ್ತಿಗೆ ಆಸ್ಪತ್ರೆಯವರು ಹಾಕಿಕೊಟ್ಟ ಧ್ಯಾನದ ಆ್ಯಪ್ ಅದು. ಚಿಕಿತ್ಸೆಗೆಂದು ಧಾರವಾಡದಿಂದ ಬಂದು ನನ್ನಲ್ಲಿ ಉಳಿದಿರುವ ಸುಮತಿ ಅಕ್ಕ ಮೊದಲ ದಿನವೇ ಅದರ ಅರ್ಥವನ್ನು ನನ್ನಿಂದ ಕೇಳಿ, "ಉಸರ ನೋಡಕೋತ ಕೂತ್ರ ಒಗ್ಗರಣಿ ಸೀದು ಹೋಗ್ತದ ನೋಡು" ಎಂದಿದ್ದಳು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಧ್ಯಾನ ಮುಗಿದ ಮೇಲೆ ಪರದೆಯಲ್ಲಿ ಎರಡು ಮುಖಗಳು ಮೂಡುತ್ತವೆ. ನಗುವ ಮುಖದ ಕೆಳಗೆ 'ಬರೀ ಆಹೆ' ಎಂದಿರುತ್ತದೆ. ಹೆಂಗಸೊಬ್ಬಳು ಮರಾಠಿಯಲ್ಲಿ 'ಆರಾಮಾಗಿದ್ದೇನೆ' ಎನ್ನುವ ಮಾತು. ಅಳುವ ಮುಖವನ್ನು ಒತ್ತಿದರೆ ಆಸ್ಪತ್ರೆಯ ಆಪ್ತಸಲಹೆಗಾರ್ತಿ ತಾವಾಗಿಯೇ ಫೋನ್ ಮಾಡುತ್ತಾರೆ. ಅಕ್ಕನಿಗೆ ಮರಾಠಿ ಓದಲು ಬಾರದಾದ್ದರಿಂದ ನಾನು ಕೇಳುತ್ತಿದ್ದೆ, ಅವಳು ಹೇಳುತ್ತಿದ್ದಳು, ನಾನು ಒತ್ತುತ್ತಿದ್ದೆ.

"ಹೆಂಗದಿ ಅಕ್ಕಾ?"

"ಬರೀ ಅದ."

ಮೂರೇ ತಿಂಗಳಲ್ಲಿ ಇಷ್ಟು ಮರಾಠಿ ಕಲಿತಳಲ್ಲ ಎಂದು ನನಗೋ ಹಿಗ್ಗು. ಪುಣೇದಾಕಿ ಆದಿ ಬಿಡು ಎಂದು ಛೇಡಿಸಿದ್ದೂ ಉಂಟು. ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಹೋದ ಸಲ, ಐದನೆಯ ಕಿಮೋದ ದಿನ, ಆ ಸಲಹೆಗಾರ್ತಿ ನಲವತ್ತು ನಗುಮುಖಗಳ ಸಾಲನ್ನು ನೋಡಿ ಖುಷಿಯಾಗಿ, ದಿನವೂ ಆರಾಮಿದ್ದೇನೆ ಎನ್ನುವ ಇವರಷ್ಟು ಗಟ್ಟಿ ಮನಸ್ಸಿನವರು ಅಪರೂಪ ಎಂದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ.

"ಆರಾಮ ಅದೀನಂತ ಯಾರ ಹೇಳಿದ್ರು?" ಎಂದಳು ಅಕ್ಕ.

"ನೀನೇ ದಿನಾ ಹೇಳ್ತಿ. ಬರೀ ಅದ ಅಂತ."

ಅವಳು ನನ್ನನ್ನೇ ದಿಟ್ಟಿಸಿ, ಎಡಗೈಯನ್ನು ಸೆರಗಿನ ಮೇಲೆ, ಈಗ ಏನೂ ಇಲ್ಲದ ಜಾಗದಲ್ಲಿ ಇಟ್ಟುಕೊಂಡಳು. "ಬರೀ ಅದ ಇಲ್ಲೆ, ಖಾಲಿ. ಒಳಗೂ ಬರೀ ಅದ. ಇಷ್ಟ ದಿನ ಏನಂತ ತಿಳಕೊಂಡಿದ್ದಿ?"

ಬರಿಗೈ, ಬರಿಗಾಲು, ಬರಿಹೊಟ್ಟೆ ಎಂಬ ಮಾತುಗಳನ್ನು ನಾವಿಬ್ಬರೂ ಒಂದೇ ತಾಯಿಯ ಬಾಯಿಂದ ಕಲಿತವರು. ಆರಾಮ ಇದ್ದವಳು 'ಅದೀನಿ' ಎನ್ನುತ್ತಿದ್ದಳು, 'ಅದ' ಎನ್ನುತ್ತಿರಲಿಲ್ಲ. ಆ ಒಂದು ಪ್ರತ್ಯಯದ ಅಂತರವೂ ನನ್ನ ಕಿವಿಗೆ ಬೀಳಲಿಲ್ಲ. ಮೂವತ್ತು ವರ್ಷ ತರಕಾರಿ ಮಂಡಿಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಮರಾಠಿ ಆಡಿ ಆಡಿ, ಒಡಹುಟ್ಟಿದವಳ ಕನ್ನಡ ನನಗೆ ಮರಾಠಿಯಾಗಿ ಕೇಳಿಸಿತು. ಆ್ಯಪಿನ ಮೇಲೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಆದರೆ ಪಾಪ, ಅದು ಒತ್ತಿದ್ದನ್ನು ನಂಬಿತು. ಒತ್ತಿದ ಬೆರಳು ನನ್ನದು. ನಿಜ ಹೇಳಲೇ? ಅವಳು ಆರಾಮಾಗಿದ್ದಾಳೆ ಎಂದು ಕೇಳಿಸಿಕೊಳ್ಳುವುದೇ ನನಗೆ ಬೇಕಾಗಿತ್ತು. ನೋಡಲು ಬಂದವರೆಲ್ಲ "ಎದಿಗುಂದಬ್ಯಾಡ್ರಿ" ಎಂದು ಹೇಳಿ ಹೋಗುತ್ತಿದ್ದರು. ಕುಂದಿದ ಎದೆಯವಳ ಮುಂದೆ ಆಡಬಾರದ ಮಾತು ಅದೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನಾನು ವಿಷಯ ತಿಳಿಸಿದಾಗ ಸಲಹೆಗಾರ್ತಿ ಅಂದೇ ಬಾಗಿಲು ಹಾಕಿ ನಮ್ಮೊಡನೆ ಒಂದು ಗಂಟೆ ಕೂತರು. ಅವರಿಗೆ ಕನ್ನಡ ಬಾರದು, ನಡುವಿನ ದುಭಾಷಿ ನಾನೇ. ನನ್ನ ಬಾಯಿಯ ಮೂಲಕ ಮಾತಾಡಲು ಅಕ್ಕನಿಗೆ ಇನ್ನು ಮನಸ್ಸಿರಲಿಲ್ಲ.

ಇವತ್ತು ಆರನೆಯ ಕಿಮೋ. ಆಟೋ ಕೆಳಗೆ ಬಂದು ಹಾರ್ನ್ ಹಾಕುತ್ತಿತ್ತು, ಅಕ್ಕ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಬದಿಯಲ್ಲಿ ಕೂತು, ಬೆನ್ನ ಮೇಲೆ ಕೈಯಿಟ್ಟು, ನಲವತ್ತು ದಿನ ಕೇಳಬೇಕಾಗಿದ್ದ ರೀತಿಯಲ್ಲಿ ಕೇಳಿದೆ: "ಹೆಂಗದಿ ಅಕ್ಕಾ?"

ಅವಳು ಗೋಡೆಯ ಕಡೆಗೆ ಹೊರಳಿದಳು.

"ಆರಾಮ ಅದೀನಿ. ನೀನೇ ಮೊಬೈಲಿನ್ಯಾಗ ಬರಸೀಯಲ್ಲ. ಆರಾಮ ಇದ್ದಾಕಿ ದವಾಖಾನಿಗೆ ಯಾಕ ಬರ್ಲಿ?"

ಎಷ್ಟು ಬೇಡಿಕೊಂಡರೂ ಏಳಲಿಲ್ಲ. ಆಟೋದವನಿಗೆ ಹೋಗೆಂದು ಹೇಳಲು ನಾನು ಮೆಟ್ಟಿಲಿಳಿದೆ.