ನೆರಿಯೊನ ಕತ್ತು, ಎಜಿಸ್ಟೊನ ಬೆನ್ನು

ನನ್ನ ಗಂಡ ನೆರಿಯೊನಿಗೆ ಕತ್ತು ಎಂಬುದೇ ಇಲ್ಲ. ಮದುವೆಯ ಫೋಟೊದಲ್ಲೂ ಇಲ್ಲ, ಭೂತಗನ್ನಡಿ ಹಿಡಿದು ಹುಡುಕಿದ್ದೇನೆ. ದೇವರಿಗೆ ಏನು ಅವಸರವಿತ್ತೋ, ಹೆಗಲ ಮೇಲೆ ನೇರವಾಗಿ ತಲೆಯಿಟ್ಟು ಕಳಿಸಿಬಿಟ್ಟಿದ್ದಾನೆ. ಇಂಥವನು ಅರವತ್ತೆಂಟನೇ ವಯಸ್ಸಿನಲ್ಲಿ ಕತ್ತು ಬೆಳೆಸಲು ಹೊರಟ. ಅದಕ್ಕೆ ನನ್ನ ಕೈಯನ್ನೂ ಬಳಸಿಕೊಂಡ.

ಬದುಕೆಲ್ಲ ನಮ್ಮ ಇಮೋಲಾ ಊರಿನ ನಗರ ಬಸ್ಸು ಓಡಿಸಿದವನು. ಮುದುಕಿಯರು ಬಸ್ಸಿಗಿಂತ ಮುಂದೆ ನಡೆದು ಸಂತೆ ಸೇರುತ್ತಿದ್ದರು, ಅಷ್ಟು ವೇಗ. ಆದರೆ ಊರಿಗೆ ಕಾರ್ ರೇಸು ಬಂತೆಂದರೆ ಮೈಮೇಲೆ ಬಂದವನ ಹಾಗೆ ಆಡುತ್ತಾನೆ. ನಮ್ಮ ಬಾಲ್ಕನಿಯ ಕೆಳಗೇ ರೇಸಿನ ರಸ್ತೆ ತಿರುಗುತ್ತದೆ. ಆ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವವರು ಇಬ್ಬರು. ಸಂಬಳವಿಲ್ಲ, ಒಂದು ಊಟದ ಪೊಟ್ಟಣ, ಒಂದು ಟೋಪಿ. ಬರುವ ಕಾರುಗಳ ಕಡೆ ಮುಖ ಮಾಡಿ, ಹಿಂದಿನ ವೇಗದವನಿಗೆ ದಾರಿ ಬಿಡು ಎಂದು ನೀಲಿ ಬಾವುಟ ಬೀಸುವವನು ಕ್ಷೌರಿಕ ಎಜಿಸ್ಟೊ. ಹೋಗುವ ಕಾರುಗಳ ಕಡೆ ಮುಖ ಮಾಡಿ, ಮುಂದೆ ಅಪಾಯವಿದೆ ಎಂದು ಹಳದಿ ಬಾವುಟ ಬೀಸುವವನು ನಮ್ಮವನು. ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಬೇಕು, ತಿರುಗಿ ನೋಡುವ ಹಾಗಿಲ್ಲ. ಯೌವನದಿಂದಲೂ ಅವರು ಹಾಗೇ ನಿಂತಿದ್ದಾರೆ, ಹಾಗೇ ಜಗಳವಾಡಿದ್ದಾರೆ. ಹೊಸ ಎಂಜಿನ್ನುಗಳು ಬಂದು ಸದ್ದು ಕಡಿಮೆಯಾದಾಗ ಊರಿಗೆ ಊರೇ ಗೋಳಾಡಿತು. ಇವರಿಬ್ಬರಿಗೆ ಮಾತ್ರ ಜಗಳಕ್ಕೆ ಅನುಕೂಲವಾಯಿತು.

ಜಗಳ ಒಂದೇ: ಆಗಿನ ಚಾಲಕರೋ, ಈಗಿನವರೋ? ನಮ್ಮವನು ಆಗಿನವರ ಕಡೆ, ಎಜಿಸ್ಟೊ ಈಗಿನವರ ಕಡೆ. ಬೆಳಿಗ್ಗೆ ಬಾರಿನಲ್ಲಿ ಶುರುವಾಗುತ್ತದೆ. ನೆರಿಯೊನ ಮುಂದೆ ವೈನು, ಎಜಿಸ್ಟೊನ ಮುಂದೆ ಬಾರ್ಲಿ ಕಾಫಿ. ಎಜಿಸ್ಟೊ ದಿನಾ ಸೈಕಲ್ಲಿನಲ್ಲಿ ಗುಡ್ಡ ಹತ್ತಿ ಬರುವ ಒಣಕಲು ಆಸಾಮಿ.

"ಫ್ಯಾಂಜಿಯೊ ಕಣೋ! ನಲವತ್ತಾರಕ್ಕೆ ಚಾಂಪಿಯನ್! ನೋಡಿದ್ರೆ ಬ್ರೆಡ್ ಅಂಗಡಿ ಯಜಮಾನ ಅನ್ನಬೇಕು. ಆದ್ರೂ ಎಂಥ ಮರ್ಯಾದಸ್ಥ! ಈಗಿನ ಹುಡುಗ್ರೋ, ಮೈಕ್ ಹಿಡಿದ್ರೆ 'ತಂಡಕ್ಕೆ ಧನ್ಯವಾದ, ತಂಡಕ್ಕೆ ಧನ್ಯವಾದ'. ಗಿಳಿಪಾಠ!"

"ನಿನ್ನ ಬ್ರೆಡ್ ಯಜಮಾನನ್ನ ಈಗಿನ ಕಾರಲ್ಲಿ ಕೂರಿಸಿ ನೋಡು. ಎರಡು ತಿರುವಿಗೆ ತಲೆ ಕಳಚಿ ಕೈಗೆ ಬರತ್ತೆ. ಶೂಮಾಕರ್ ಬಂದ ಮೇಲೆ ತಾನೇ ಎಲ್ರಿಗೂ ಮೈ ಹುರಿ ಮಾಡ್ಕೊಳ್ಳೋ ಬುದ್ಧಿ ಬಂದಿದ್ದು? ಗೆದ್ದು ಇಳಿದ್ರೆ ಹಣೇಲಿ ಒಂದು ಹನಿ ಬೆವರಿಲ್ಲ!"

"ಬೆವರದೇ ಇರೋ ಮನುಷ್ಯನ್ನ ನಾನು ನಂಬಲ್ಲಪ್ಪ. ಲೌಡಾ ಮುಖ ಸುಟ್ಕೊಂಡು ಆಸ್ಪತ್ರೆ ಸೇರಿದೋನು, ಆರು ವಾರಕ್ಕೆ ಮೊಂಜಾ ರೇಸಲ್ಲಿ ಕಾರು ಹತ್ತಿದ. ಅದನ್ನ ಯಾವ ಜಿಮ್ಮಲ್ಲಿ ಕಲಿಸ್ತಾರೋ?"

ಸೆನ್ನಾನ ಹೆಸರು ಬಂದರೆ ಮಾತ್ರ ಇಬ್ಬರೂ ಜಗಳ ಬಿಟ್ಟು ಟೋಪಿ ತೆಗೆಯುತ್ತಾರೆ. ಆ ಚಾಂಪಿಯನ್ನನ ಕಾರು ಗೋಡೆಗೆ ಬಡಿದು ಅವನ ಜೀವ ತೆಗೆದದ್ದು ನಮ್ಮೂರ ರೇಸಿನಲ್ಲಿ. 

ರೇಸು ಮುಗಿಸಿ ಬಂದ ಮೇಲೆ ನೆರಿಯೊನದು ಪ್ರತಿ ಸಲ ಇದೇ ವರದಿ: "ಕೊನೆ ಕೊನೆಗೆ ಪಾಪ, ಆ ಒಣಕಲ ಪೂರ್ತಿ ನನ್ನ ಬೆನ್ನಿಗೇ ಒರಗಿಬಿಡ್ತಾನೆ, ದೆರ್ನಾ. ದೇಹದಲ್ಲಿ ಏನಾದ್ರೂ ಇದ್ರೆ ತಾನೇ! ನಾನೇ ಹೊತ್ಕೊಂಡು ನಿಲ್ಲಬೇಕು."

ಈ ಸಲ ಬಾವುಟದವರ ಸಂಘದಿಂದ ಹೊಸ ಕಟ್ಟಳೆ ಬಂತು. ಅರವತ್ತೈದು ದಾಟಿದವರು ಡಾಕ್ಟರ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಬಾವುಟ. ನೆರಿಯೊ ಅಂದು ಊಟ ಬಿಟ್ಟ. ನಾನು ಕೈಯಾರೆ ಲಟ್ಟಿಸಿದ ತಾಲ್ಯತೆಲ್ಲೆ ಪಾಸ್ತಾ ತಟ್ಟೆಯಲ್ಲೇ ತಣ್ಣಗಾಯಿತು. ಬಾವುಟ ಹೋದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ನಿಜಕ್ಕೂ ಭಯವಾಯಿತು. ಅದರ ಮೇಲೆ ಎಜಿಸ್ಟೊ ಬಾರಿನಲ್ಲಿ ಎಲ್ಲರೆದುರು, "ಹೆದರಬೇಡ್ವೋ, ನನ್ನ ಪರೀಕ್ಷೆ ಆದ ಮೇಲೆ ಡಾಕ್ಟರಿಗೆ ನಿನ್ನ ಬಗ್ಗೆ ಒಂದು ಮಾತು ಹೇಳ್ತೀನಿ," ಎಂದಿದ್ದನಂತೆ.

ಮರುದಿನ ನೆರಿಯೊ ಬಾಗಿಲ ಚಿಲಕ ಹಾಕಿ ಬಂದ. "ಈಗಿನ ಹುಡುಗ್ರು ತಲೆಗೆ ರಬ್ಬರ್ ಕಟ್ಟಿ ಎಳೆಸ್ಕೋತಾರೆ. ಕತ್ತು ಕಬ್ಬಿಣ ಆಗತ್ತಂತೆ, ಡಾಕ್ಟರು ಪಾಸ್ ಮಾಡ್ಲೇಬೇಕು. ನೀನು ಎಳಿ. ಎಜಿಸ್ಟೊಗೆ ಮಾತ್ರ ಹೇಳ್ಬೇಡ, ನನ್ನಾಣೆ."

"ಇಷ್ಟು ವರ್ಷ ಅವರನ್ನ ಬೈದೆಯಲ್ಲಯ್ಯಾ! ಮತ್ತೆ ಈ ರಬ್ಬರ್ ಎಲ್ಲಿಂದ ಬಂತು?"

ಎಜಿಸ್ಟೊನ ಹಳೇ ಸೈಕಲ್ ಟ್ಯೂಬು! ಟೊಮೆಟೊ ಗಿಡ ಕಟ್ಟಬೇಕು ಎಂದು ಸುಳ್ಳು ಹೇಳಿ ಇಸಿದುಕೊಂಡು ಬಂದಿದ್ದ. ತಲೆಗೆ ನನ್ನ ಸಾರಿನ ಪಾತ್ರೆ ಕವುಚಿ, ಅದರ ಹಿಡಿಗೆ ಟ್ಯೂಬು ಕಟ್ಟಿ, ಸ್ಟೂಲಿನ ಮೇಲೆ ಕೂತ. "ಎಳಿ," ಎಂದ. ಎಳೆದೆ. "ಇಷ್ಟೇನಾ ನಿನ್ನ ಶಕ್ತಿ?" ಎಂದ. ಜೀವಮಾನವೆಲ್ಲ ಮದುವೆ ಊಟಗಳಿಗೆ ಹಿಟ್ಟು ಲಟ್ಟಿಸಿದ ಕೈ ಇದು. ಇದನ್ನು ಕೆಣಕಬಾರದಿತ್ತು. ಒಂದೇ ಸಲ ಎಳೆದೆ ನೋಡಿ, ಲಟಕ್ ಎಂದಿತು.

ಕತ್ತು ಎಡಕ್ಕೆ ತಿರುಗಿ ಅಲ್ಲೇ ನಿಂತುಬಿಟ್ಟಿತು. ಬಾರಿನಲ್ಲಿ ಕಿಟಕಿಯಾಚೆ ಏನೋ ನೋಡುತ್ತಿರುವವನ ಹಾಗೆ ನಟಿಸುತ್ತ ವೈನು ಕುಡಿದನಂತೆ, ಅರ್ಧ ಅಂಗಿಗೆ. ಎಜಿಸ್ಟೊ ಬಾರ್ಲಿ ಕಾಫಿ ಕಲಕುತ್ತ ಕೇಳಿದನಂತೆ: "ಏನೋ ನೆರಿಯೊ, ಟೊಮೆಟೊ ಎಡಕ್ಕೆ ವಾಲಿದೆಯಲ್ಲ?"

ಪರೀಕ್ಷೆಯ ದಿನ ನಾನೂ ಒಳಗೆ ಹೋದೆ. ಡಾಕ್ಟರಮ್ಮ ಎದೆ ನೋಡಿದಳು, ಮೆಟ್ಟಿಲು ಹತ್ತಿಸಿದಳು, ಬೆಂಕಿ ಆರಿಸುವ ಸಿಲಿಂಡರು ಎತ್ತಿಸಿದಳು. ಹೃದಯ ಕೋಣನದು ಎಂದಳು. ಆಮೇಲೆ, "ಬಲಕ್ಕೆ ನೋಡಿ," ಎಂದಳು. ನೆರಿಯೊ ಸ್ಟೂಲಿನ ಸಮೇತ ತಿರುಗಿದ.

"ನೀವು ಯಾವ ಬಾವುಟ?"

"ಹಳದಿ, ಡಾಕ್ಟರೇ. ಒಂದೇ ದಿಕ್ಕು. ತಿರುಗಿ ನೋಡಿದ್ರೇ ತಪ್ಪು."

ಅವಳು ನಕ್ಕು, ಒಂದು ಮುಲಾಮು ಬರೆದುಕೊಟ್ಟು, ರೇಸಿನ ದಿನದೊಳಗೆ ಕತ್ತು ಸರಿಹೋಗಬೇಕು ಎಂದು ಹೇಳಿ ಪಾಸು ಮಾಡಿದಳು. ಹೊರಗೆ ಬೆಂಚಿನ ಮೇಲೆ ಎಜಿಸ್ಟೊ ಕೂತಿದ್ದ. ಅವನದು ನಮಗಿಂತ ಮೊದಲೇ ಮುಗಿದಿತ್ತು.

"ಎದೆ ತಾಳ ತಪ್ಪಿದೆಯಂತೆ," ಎಂದ. "ಸೈಕಲ್ಲೂ ಬೇಡ, ಬಾವುಟವೂ ಬೇಡ ಅಂದ್ರು."

ನೆರಿಯೊ ಹಂಗಿಸಲು ವಾರದಿಂದ ಮಾತು ಕೂಡಿಟ್ಟಿದ್ದ. ಅದನ್ನೆಲ್ಲ ಬಿಟ್ಟು, ಮುಲಾಮಿನ ಚೀಟಿಯನ್ನು ಮಡಚುತ್ತ, ಬಿಚ್ಚುತ್ತ ಅವನ ಪಕ್ಕ ಕೂತ.

ರೇಸಿನ ಹಿಂದಿನ ದಿನ ಬಾರಿನಲ್ಲಿ ಎಜಿಸ್ಟೊ ಇರಲಿಲ್ಲ. ಯಾರೋ, "ನೀನು ಹೇಳೋದೇ ನಿಜ ನೆರಿಯೊ, ಆಗಿನವರೇ ಗಂಡಸರು," ಎಂದರಂತೆ. ನಮ್ಮವನಿಗೆ ಎಲ್ಲಿತ್ತೋ ಸಿಟ್ಟು! "ನಿನಗೇನೋ ಗೊತ್ತು? ಈಗಿನ ಹುಡುಗ್ರ ಕತ್ತು ನೋಡಿದ್ದೀಯಾ? ಒಂದು ರೇಸಿಗೆ ಎರಡು ಕಿಲೊ ಇಳೀತಾರೆ! ಶೂಮಾಕರ್ ಬೆವರ್ತಾನೇ ಇರ್ಲಿಲ್ಲ!" ಎಂದು ಮೇಜು ಗುದ್ದಿ ಎದ್ದು ಬಂದನಂತೆ. ಬಾರಿನವಳು ನನಗೆ ಫೋನು ಮಾಡಿ, ಇವನಿಗೆ ಜ್ವರವಾ ಎಂದು ಕೇಳಿದಳು.

ಭಾನುವಾರದ ಹೊತ್ತಿಗೆ ಕತ್ತು ಸರಿಹೋಗಿತ್ತು. ನೀಲಿ ಬಾವುಟಕ್ಕೆ ಬ್ಯಾಂಕಿನ ಮಿಲೇನಾ ಎಂಬ ಹುಡುಗಿ ಬಂದಿದ್ದಳು. ಎಜಿಸ್ಟೊನನ್ನು ನಾನೇ ಕರೆತಂದು ಬಾಲ್ಕನಿಯಲ್ಲಿ ಕೂರಿಸಿ, ಮುಂದೆ ತಾಲ್ಯತೆಲ್ಲೆ ಇಟ್ಟೆ. ತಿಂದನೋ ಇಲ್ಲವೋ, ಕಣ್ಣೆಲ್ಲ ಕೆಳಗೆ. ರೇಸು ಕೊನೆಯ ಸುತ್ತುಗಳಿಗೆ ಬಂದಿತ್ತು. ಕಾರುಗಳ ನಡುವೆ ಒಂದಿಷ್ಟು ಬಿಡುವು ಸಿಕ್ಕಾಗ ನೆರಿಯೊ ಅಭ್ಯಾಸದಂತೆ ಹಿಂದಕ್ಕೆ ಒರಗಿದ. ಅಲ್ಲಿ ಬೆನ್ನು ಇರಲಿಲ್ಲ. ಮಿಲೇನಾ ಎರಡು ಹೆಜ್ಜೆ ಆಚೆಗಿದ್ದಳು. ಹಳದಿ ಬಾವುಟದ ಸಮೇತ ತೂರಾಡಿ, ಬೇಲಿ ಹಿಡಿದು ನಿಂತುಕೊಂಡ.

ನನಗೆ ನಗು ತಡೆಯಲಾಗಲಿಲ್ಲ. ಎಜಿಸ್ಟೊ ನಗಲಿಲ್ಲ. ಫೋರ್ಕು ಕೆಳಗಿಟ್ಟ.

"ಆ ಹುಡುಗಿಗೆ ಹೇಳಮ್ಮ ದೆರ್ನಾ," ಎಂದ. "ಮುಂದಿನ ಸಲ ಕೊನೆ ಸುತ್ತುಗಳಲ್ಲಿ ಒಂಚೂರು ಹಿಂದಕ್ಕೆ ಸರಿದು ನೆರಿಯೊ ಬೆನ್ನಿಗೆ ಆತು ನಿಂತ್ಕೊಳ್ಳಲಿ. ಅವನಿಗೆ ಮೊಣಕಾಲು ಹಿಡಿಯತ್ತೆ. ಅವನಿಗೆ ಮಾತ್ರ ಹೇಳ್ಬೇಡ."