ಫಿನ್ಲೆಂಡ್ ಅಕ್ಕನ ಎರಡು ಮೇಣದಬತ್ತಿ

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ನನ್ನ ಗೆಳತಿಯರೂ ನಂಬಲಿಲ್ಲ. ಆದರೆ ಅವರು ನನ್ನ ಹುಟ್ಟಿದ ದಿನವನ್ನೂ ಆಧಾರ್ ಕಾರ್ಡ್ ನೋಡಿದ ಮೇಲೆಯೇ ನಂಬಿದವರು. ಹೋದ ಡಿಸೆಂಬರ್‌ನಲ್ಲಿ ಒಂದು ಇಡೀ ದೇಶದ ಸ್ವಾತಂತ್ರ್ಯ ದಿನ ನಮ್ಮ ಮನೆಯಲ್ಲಿ ನಡೆಯಿತು. ಭಾರತದ ಪರವಾಗಿ ಹಾಜರಿದ್ದವಳು ನಾನು, ಪಿಯುಸಿ ಮೊದಲ ವರ್ಷ.

ಗಂಗಾವತಿಯಿಂದ ಆನೆಗೊಂದಿ ಕಡೆ ಬಂದರೆ ಗದ್ದೆ, ಬಂಡೆ, ಮತ್ತೆ ಗದ್ದೆ, ಮತ್ತೆ ಬಂಡೆ, ಆಮೇಲೆ ನಮ್ಮ ಮನೆ. ಮುಂದಿನ ಕೋಣೆಯನ್ನು ಚಳಿಗಾಲದಲ್ಲಿ ವಿದೇಶದವರಿಗೆ ಬಾಡಿಗೆಗೆ ಕೊಡುತ್ತೇವೆ. ಅವರು ಬೆನ್ನಿಗೆ ದಪ್ಪ ಹಾಸಿಗೆ ಕಟ್ಟಿಕೊಂಡು ಹೋಗಿ ಬಂಡೆ ಹತ್ತುತ್ತಾರೆ. ಬಿದ್ದರೆ ಅದರ ಮೇಲೆ ಬೀಳಲಿ ಅಂತ. ಅವ್ವ ಮೊದಲ ಸಲ ನೋಡಿದಾಗ, "ಪಾಪ, ಎಲ್ಲೂ ರೂಮ್ ಸಿಕ್ಕಿಲ್ಲ ಕಾಣಸ್ತತಿ, ಹಾಸಿಗಿ ಹೊತಗೊಂಡ ಅಡ್ಡಾಡಾಕತ್ಯಾರ" ಅಂದಿದ್ದಳು.

ಆ ಸಲ ಬಂದಾಕೆಯ ಹೆಸರು ಯಾರ ನಾಲಿಗೆಯ ಮೇಲೂ ನಿಲ್ಲಲಿಲ್ಲ. ಹಾಗಾಗಿ ಫಿನ್ಲೆಂಡ್ ಅಕ್ಕ. ಒಂದು ದಿನ ಆಕೆ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದಳು, "ಮೇಣದಬತ್ತಿ ಎಲ್ಲಿ ಸಿಗುತ್ತೆ? ನಾಳೆ ನಮ್ಮ ಸ್ವಾತಂತ್ರ್ಯ ದಿನ."

ಸ್ವಾತಂತ್ರ್ಯ ದಿನದ ವಿಷಯದಲ್ಲಿ ನಾನು ಅನುಭವಿ. ಒಂದನೇ ಇಯತ್ತೆಯಿಂದ ಭಾಷಣ ಮಾಡಿದ್ದೇನೆ. ನನ್ನ ಭಾಷಣದ ಉದ್ದಕ್ಕೆ ಸಾಲಿನಲ್ಲಿ ನಿಂತ ಹುಡುಗರು ತಲೆ ತಿರುಗಿ ಬಿದ್ದದ್ದೂ ಉಂಟು. ಹಾಗಾಗಿ ತನಿಖೆ ಶುರು ಮಾಡಿದೆ. ಧ್ವಜಕ್ಕೆ ಕಂಬ ಬೇಕೇ? ಬೇಡ. ಭಾಷಣ? ಬೇಡ. ಬೂಂದಿ ಲಾಡು? ಅದೇನೆಂದೇ ಗೊತ್ತಿಲ್ಲ. ಸಂಜೆ ಆರರಿಂದ ಎಂಟರವರೆಗೆ ಕಿಟಕಿಯಲ್ಲಿ ಎರಡು ಮೇಣದಬತ್ತಿ ಹಚ್ಚಿ ಸುಮ್ಮನೆ ಕೂರುವುದು, ಅಷ್ಟೇ. ನಮ್ಮ ಸಾಲಿಯಲ್ಲಿ ಇದಕ್ಕೆ ಶಿಕ್ಷೆ ಅನ್ನುತ್ತಾರೆ.

"ಎರಡೇ ಯಾಕೆ?" ಅಂದೆ.

ಬಹಳ ಹಿಂದೆ ಸ್ವಾತಂತ್ರ್ಯಕ್ಕಾಗಿ ಹೋರಾಡಿ ಹಿಮದಲ್ಲಿ ತಲೆಮರೆಸಿಕೊಂಡು ಓಡುವ ಹುಡುಗರಿಗೆ ಅದು ಗುರುತಾಗಿತ್ತಂತೆ. ಎರಡು ದೀಪ ಕಂಡರೆ ಈ ಮನೆ ನಮ್ಮವರದು, ಒಳಗೆ ಹೋಗಬಹುದು, ಊಟ ಸಿಗುತ್ತದೆ. ಆಕೆಯ ಅಜ್ಜಿ ಒಂದು ವರ್ಷವೂ ತಪ್ಪಿಸಿದವಳಲ್ಲ. ಈ ಸಲ ಅಜ್ಜಿ ಆಸ್ಪತ್ರೆಯಲ್ಲಿದ್ದಾಳೆ, ಅಲ್ಲಿ ಬೆಂಕಿಕಡ್ಡಿಯನ್ನೂ ಮುಟ್ಟಗೊಡುವುದಿಲ್ಲ. "ನಿನ್ನ ಬದಲು ನಾನು ಹಚ್ಚುತ್ತೇನೆ, ಎಂಟರವರೆಗೂ ಕಾಯುತ್ತೇನೆ ಅಂತ ಮಾತು ಕೊಟ್ಟಿದ್ದೇನೆ" ಅಂದಳು. ಈ ಮಾತಿಗೆ ನಾನೂ ತಮಾಷೆ ಮಾಡಲಿಲ್ಲ.

ಮರುದಿನ ಆರಕ್ಕೆ ಲೈಟ್ ಆರಿಸಿ, ಕಿಟಕಿಯಲ್ಲಿ ಎರಡು ಮೇಣದಬತ್ತಿ ಹಚ್ಚಿ ಕೂತೆವು. ಕಿಟಕಿಗೆ ಸೊಳ್ಳೆ ಬಾರದಂತೆ ನೈಲಾನ್ ಜಾಳಿಗೆ ಬಡಿದಿದೆ. ಗದ್ದೆಯ ಸೊಳ್ಳೆಗಳು ಸೋನಾ ಮಸೂರಿ ಉಂಡು ಬೆಳೆದವು, ಒಂದೊಂದೂ ಗುಬ್ಬಿ ಗಾತ್ರ. ಅಷ್ಟು ಹೊತ್ತು ನಾನು ಬಾಯಿ ಮುಚ್ಚಿ ಕೂತದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ಏಳರ ಸುಮಾರಿಗೆ ಪಕ್ಕದ ಮನೆಯ ಕಾಕಾ ಬ್ಯಾಟರಿ ಹಿಡಿದು ಬಂದರು.

"ಏನವಾ, ನಿಮ್ಮನ್ಯಾಗ ಅಷ್ಟ ಕರೆಂಟ್ ಹೋಗೇತೇನ? ಕಿಟಕ್ಯಾಗ ಮೇಣದಬತ್ತಿ ಕಂಡ್ವು, ಅದಕ್ಕ ಬಂದೆ."

"ಕರೆಂಟ್ ಐತ್ರಿ ಕಾಕಾ. ಇದು ಸ್ವಾತಂತ್ರ್ಯ ದಿನ."

"ಆಗಸ್ಟ್ ಹೋಗಿ ಭಾಳ ದಿನ ಆತಲ್ಲ."

"ಅಕ್ಕಾರ ದೇಶದ್ದರಿ."

"ಹಂಗಾರ ಅಲ್ಲೆ ಇನ್ನಾ ಕರೆಂಟ್ ಬಂದಿಲ್ಲೇನ?"

ಅಕ್ಕ ಎದ್ದು ನಿಂತಿದ್ದಳು. "ಕಿಟಕಿ ನೋಡಿ ಬಂದರಾ?" ಅಂತ ಮೆಲ್ಲಗೆ ಕೇಳಿದಳು. ಹೌದು ಅಂದೆ. ಸುಳ್ಳೇನಲ್ಲವಲ್ಲ. ಆಕೆ ಕಾಕಾಗೆ ತನ್ನ ಕುರ್ಚಿ ಕೊಟ್ಟಳು, ಫ್ಲಾಸ್ಕಿನಲ್ಲಿದ್ದ ಚಹಾ ಕೊಟ್ಟಳು, ಇದ್ದಬದ್ದ ಬಿಸ್ಕೀಟೆಲ್ಲ ಮುಂದೆ ಸುರಿದಳು. ಹಿಮದಲ್ಲಿ ಓಡಿ ಬಂದವರಿಗೆ ಮಾಡುವ ಉಪಚಾರ ಕಾಕಾಗೆ ಸಿಕ್ಕಿತು. ಕಾಕಾ ಒಂದನ್ನೂ ಬೇಡ ಅನ್ನಲಿಲ್ಲ.

ಆಗ ಕಿಟಕಿಯಾಚೆ ಅಂಗಳದಿಂದ ಅವ್ವನ ದನಿ ಬಂತು. "ಅಕ್ಕಾರ, ಜಾಳಿಗಿಗೆ ಬೆಂಕಿ ತಾಕತೈತಿ. ದೀಪ ದೊಡ್ಡದು ಮಾಡ್ರಿ."

ನಮ್ಮ ಮನೆಗಳಲ್ಲಿ ಉರಿಯುವ ದೀಪವನ್ನು ಆರಿಸು ಅನ್ನುವುದಿಲ್ಲ, ಅಪಶಕುನ. ದೊಡ್ಡದು ಮಾಡು ಅಂದರೆ ಆರಿಸು ಅಂತಲೇ ಅರ್ಥ. ಆದರೆ ಅಕ್ಕ ಕಲಿತ ಕನ್ನಡವೇ ನಾಲ್ಕು ಶಬ್ದ: ದೀಪ, ಚಹಾ, ಸಾಕು, ದೊಡ್ಡದು. ಬಂಡೆ ಹತ್ತುವವರಿಗೆ ಕೊನೆಯದು ದಿನಾ ಬೇಕು.

"ದೀಪ ದೊಡ್ಡದು?" ಅಂದಳು ಅಕ್ಕ. ಮುಖ ಅರಳಿತು. ಮನೆಯೊಡತಿಯೇ ಹರಸಿದಳು ಅಂದುಕೊಂಡಿರಬೇಕು. ಪುಡಿಕೆಯಿಂದ ಇನ್ನೂ ನಾಲ್ಕು ತೆಗೆದು ಹಚ್ಚಿದಳು.

ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮುಂದೇನಾಗುತ್ತದೆ ಎಂದು ತಿಳಿಯದೆ ಹೇಗಿರಲಿ? ಕಾಕಾ ಕೂಡ ನನ್ನ ಮುಖ ನೋಡಿ ಇನ್ನೊಂದು ಬಿಸ್ಕೀಟು ಅದ್ದಿದರು.

ಕಿಟಕಿ ಮದುವೆ ಮನೆಯಂತಾಯಿತು. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಜಾಳಿಗೆ ಒಂದು ಮೂಲೆಯಿಂದ ಕರಗಿ ಸುರುಳಿಯಾಗತೊಡಗಿತು. ಹೊರಗೆ ಕಾದಿದ್ದ ಗುಬ್ಬಿಗಾತ್ರದವರು ಮೆರವಣಿಗೆಯಲ್ಲಿ ಒಳಗೆ ಬಂದರು.

ಅವರ ಹಿಂದೆಯೇ ಅವ್ವ ಬಂದಳು, ಕೈಯಲ್ಲಿ ಹಸಿ ಅರಿವೆ. ಆರೂ ಬತ್ತಿಗಳ ಮೇಲೆ ಅರಿವೆ ಒಗೆದು ಲೈಟ್ ಹಾಕಿದಳು. ಎಂಟಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಅಕ್ಕ ಗಡಿಯಾರ ನೋಡಿದಳು. "ಅಜ್ಜಿಗೆ ಏನು ಹೇಳಲಿ?" ಅಂದಳು, ನನಗೋ ಕಿಟಕಿಗೋ ಗೊತ್ತಾಗಲಿಲ್ಲ. ನಾನು ಅವ್ವನಿಗೆ ಎಲ್ಲವನ್ನೂ ಹೇಳಿದೆ, ಅಜ್ಜಿಯ ಆಸ್ಪತ್ರೆ, ಹಿಮ, ಕೊಟ್ಟ ಮಾತು. ಒಂದು ಶಬ್ದವನ್ನೂ ಹಿಗ್ಗಿಸಲಿಲ್ಲ.

ಅವ್ವ ಅರಿವೆ ಹಿಂಡುತ್ತ ಕಾಕಾನ ಕಡೆ ನೋಡಿದಳು, ಖಾಲಿ ಕಪ್ಪಿನ ಕಡೆ ನೋಡಿದಳು.

"ದೀಪ ನೋಡಿ ಒಬ್ರು ಬಂದಿದ್ರು, ಚಾ ಕುಡದ್ರು ಅಂತ ಹೇಳಂತ ಹೇಳು. ಈಗ ಏಳ್ರಿ ಎಲ್ಲಾರೂ, ರೊಟ್ಟಿ ಆರತಾವ."